ಎಡಗೆನ್ನೆ

ಎಜ್ರಾ ಹಾಲ್ಕಂಬನ ಬಗ್ಗೆ ಕೇಳುತ್ತೀರಿ.
ನನಗೆ ಚೆನ್ನಾಗಿ ಗೊತ್ತಿರುವುದು ಅವನ ಎಡಗೆನ್ನೆ.
ಏಳು ವರ್ಷ ಅವನ ಎಡಕ್ಕೆ ಕೂತ ಮೆಕ್ಯಾನಿಕ್ಕು ನಾನು,
ಎಣ್ಣೆಯ ಕೈಪಂಪು ಒತ್ತುತ್ತ, ಟೈರು ಕಾಯುತ್ತ,
ಹಿಂದೆ ಯಾರಾದರೂ ಬಂದರೇ ಎಂದು ಕತ್ತು ತಿರುಗಿಸುತ್ತ.
ಆ ಕೆನ್ನೆಯಲ್ಲಿ ಅವರೆಕಾಳಿನಷ್ಟು ಸುಟ್ಟ ಕಲೆ.
ತಿರುವು ಬಂದರೆ ಅದರ ಕೆಳಗೆ
ದವಡೆ ಗಂಟು ಕಟ್ಟುತ್ತಿತ್ತು.

ಮೊದಲು ಅವನು ಟೊಲೀಡೋದಲ್ಲಿ ಹಾಲಿನ ಗಾಡಿ ಹೊಡೆದವನು.
ಕುದುರೆಗೆ ಮನೆಗಳೆಲ್ಲ ಬಾಯಿಪಾಠ, ಇವನಿಗೆ ನಿದ್ದೆ.
ಜೀವಮಾನದಲ್ಲಿ ಹಾಯಾಗಿದ್ದದ್ದು ಆಗಲೇ, ಎನ್ನುತ್ತಿದ್ದ.
ಆಮೇಲೆ ಸೈಕಲ್ ಪಂದ್ಯ. ಆಮೇಲೆ ಒಬ್ಬ ಮಾಂಸದ ವ್ಯಾಪಾರಿ
ಕಾರು ಕೊಂಡು, ಹೆದರಿ, ಇವನ ಕೈಗೆ ಕೊಟ್ಟ.

ಓಡುವಾಗ ಮಾತು ಕೇಳಿಸುವುದಿಲ್ಲ.
ಅವನ ಮೊಣಕಾಲಿನ ಮೇಲೆ ನನ್ನ ಬೆರಳೇ ನುಡಿ.
ಒಮ್ಮೆ ತಟ್ಟಿದರೆ, ಹಿಂದೆ ಯಾರೋ ಇದ್ದಾರೆ.
ಎರಡು, ಟೈರು ಸವೆದಿದೆ.
ಮೂರು, ಎಣ್ಣೆ ಮುಗಿಯಿತು.
ಭಯಕ್ಕೆ ಗುರುತು ಇಟ್ಟುಕೊಂಡಿರಲಿಲ್ಲ.
ಬೇಕಾದೀತೆಂದು ಇಬ್ಬರೂ ಬಾಯಿ ಬಿಡಲಿಲ್ಲ.
ಹರಳೆಣ್ಣೆಯ ಹೊಗೆ ಕುಡಿದು ವಾರವೆಲ್ಲ ಹೊಟ್ಟೆ ಕೆಡುತ್ತಿತ್ತು,
ಗೆದ್ದವರ ಫೋಟೋದಲ್ಲಿ ಅದು ಕಾಣುವುದಿಲ್ಲ.

ಸೀಡರ್‌ಬರ್ಗಿನ ಟ್ರ್ಯಾಕು ಪೂರ್ತಿ ಮರದ ಹಲಗೆ, ಬಟ್ಟಲಿನ ಹಾಗೆ.
ಅರವತ್ತನೆಯ ಸುತ್ತಿಗೆ ಒಂದು ಹಲಗೆ ಹಾರಿ
ಆ ತೂತಿನಿಂದ ತಲೆ ಎತ್ತಿದ ಒಬ್ಬ ಬಡಗಿ,
ಅಡಿಯಿಂದ ದುರಸ್ತಿ ಮಾಡುತ್ತಿದ್ದವನು, ಬಾಯಲ್ಲಿ ಮೊಳೆ ಕಚ್ಚಿಕೊಂಡು,
ನಮ್ಮ ಚಕ್ರದ ನೇರಕ್ಕೆ.
ಎಜ್ರಾ ತಪ್ಪಿಸಿದ. ಬಹುಮಾನವೂ ತಪ್ಪಿತು.
ವ್ಯಾಪಾರಿ ಕತ್ತಲಾಗುವವರೆಗೆ ಬೈದ.
ಆ ರಾತ್ರಿ ಊಟ ಬಿಟ್ಟು ಎಜ್ರಾ ಕೇಳಿದ್ದು ಒಂದೇ:
ಬಾಯಲ್ಲಿ ಎಷ್ಟು ಮೊಳೆ ಇದ್ದವು?
ನಾಲ್ಕು, ಅಂದೆ.
ಐದು, ಅಂದ.

ಟ್ರ್ಯಾಕಿನ ಮೇಲೆ ಸತ್ತ ಅಂತ ಪೇಪರಿನವರು ಬರೆದರೆ ನಂಬಬೇಡಿ.
ಹದಿನೆಂಟರ ಅಕ್ಟೋಬರಿನಲ್ಲಿ ಆ ಜ್ವರ ಬಂತಲ್ಲ,
ಮಂಚದ ಎಡಮಗ್ಗುಲು ಗೋಡೆಗೆ ತಾಗಿತ್ತು,
ಬಲಕ್ಕೆ ಕೂರಬೇಕಾಯಿತು.
ಆ ಕೆನ್ನೆ ನೋಡಿರಲಿಲ್ಲವೆಂದಲ್ಲ, ದಿಟ್ಟಿಸಿರಲಿಲ್ಲ.
ಕಲೆಯಿಲ್ಲ, ಗೀರಿಲ್ಲ.
ಹಾಲಿನ ಗಾಡಿಯಲ್ಲಿ ನಿದ್ದೆ ಹೋದ ಹುಡುಗನದು.

ಕಂಬಳಿಯಡಿಯಿಂದ ಕೈ ಬಂತು.
ನನ್ನ ಮೊಣಕಾಲಿನ ಮೇಲೆ
ಒಮ್ಮೆ ತಟ್ಟಿದ.

ಹಾಳು ರೂಢಿ. ಕತ್ತು ತಿರುಗಿಸಿದೆ.
ಬಾಗಿಲಲ್ಲಿ ಅವನ ಹೆಂಡತಿ ಅಡೀಲಿಯಾ,
ಮೂಗಿಗೆ ಬಟ್ಟೆ ಕಟ್ಟಿ, ಕೈಯಲ್ಲಿ ಕೋಳಿಸಾರಿನ ಬಟ್ಟಲು.
ಅವಳ ಹಿಂದೆ ಯಾರೂ ಇರಲಿಲ್ಲ.
ಇನ್ನೊಮ್ಮೆ ನೋಡಿದೆ.