ಎರಡನೇ ತೂಕ

ಕೇಟಾದ ಸಂತೆಗೆ ತಿಂಗಳಿಗೆರಡು ಸಲ
ಕೈಚೀಲದಲ್ಲಿ ಸರ್ಕಾರದ ತಕ್ಕಡಿ ಹೊತ್ತು ಬರುತ್ತೇನೆ.
ಒಂದು ಮಗ್ಗುಲು ಸಮುದ್ರ, ಒಂದು ಮಗ್ಗುಲು ಹಿನ್ನೀರು,
ನಡುವಿನ ಮರಳುಪಟ್ಟಿಯ ಮೇಲೆ ಊರು
ಉಸಿರು ಬಿಗಿಹಿಡಿದು ಮಲಗಿದೆ.
ಕೆಲಸ ಇಷ್ಟೆ: ಒಣಮೀನು, ಸೀಮೆಎಣ್ಣೆ, ಈರುಳ್ಳಿ, ಗಾರಿ,
ಕೊಂಡು, ತೂಗಿ, ಬರೆಯುವುದು.
ದೇಶದಲ್ಲಿ ಬದುಕು ತುಟ್ಟಿಯಾಯಿತೋ ಇಲ್ಲವೋ
ರಾಜಧಾನಿಗೆ ತಿಳಿಯುವುದು ಹೀಗೆ.

ಗಾರಿ ಅಂದರೆ ಮರಗೆಣಸು ತುರಿದು ಹಿಂಡಿ ಹುರಿದ ಹರಳು.
ಅಳೆಯುವ ತಗಡಿನ ಡಬ್ಬಿಗೆ ಓಲೊಂಕಾ ಎನ್ನುತ್ತಾರೆ.
ತುಂಬುವ ಕೈ, ಕೊಳ್ಳುವ ಮುಖ ನೋಡಿಕೊಂಡು
ಅದರ ತುದಿಯ ಗೋಪುರ ಏರುತ್ತದೆ, ಇಳಿಯುತ್ತದೆ.
ಅದಕ್ಕೇ ತಕ್ಕಡಿ.

ಮಾವುಸಿ, ಅಕ್ಪೆನೆ: ಒಂದೇ ಬೆಂಚಿನ ಎರಡು ತುದಿ.
ಒಂದೇ ಒಲೆಯ ಗಾರಿ, ಒಂದೇ ಡಬ್ಬಿ, ಒಂದೇ ಬೆಲೆ.
ಮಾವುಸಿಯ ಸೊಂಟದ ಬಟ್ಟೆಯಲ್ಲಿ ಕೊಡೆಯ ಗುರುತು,
ಅಕ್ಪೆನೆಯ ಬೀಸಣಿಗೆಯಲ್ಲಿ ಆನೆ.

ಆನೆ ಗದ್ದುಗೆಯಲ್ಲಿದ್ದಾಗ ಅಕ್ಪೆನೆ ಹೇಳುತ್ತಿದ್ದಳು:
"ಮಳೆ ತಡವಾಯ್ತು, ಲಾರಿ ಬಾಡಿಗೆ ಏರ್ತು,
ಎಲ್ಲೋ ಯುದ್ಧವಂತೆ. ಸರ್ಕಾರ ಏನು ಮಾಡೀತು ಪಾಪ?"
ಮಾವುಸಿ ಹೇಳುತ್ತಿದ್ದಳು:
"ಮಕ್ಕಳ ತಟ್ಟೆ ನೋಡಿದರೆ ಸಾಕು,
ಲೆಕ್ಕ ಯಾಕೆ ಬೇಕು?"
ಕೊಡೆ ಗೆದ್ದಿತು.
ಮಾತುಗಳು ಬೆಂಚಿನ ಆ ತುದಿಯಿಂದ ಈ ತುದಿಗೆ
ಒಂದು ಹರಳೂ ಚೆಲ್ಲದೆ ಜಾರಿದವು.

ಒಂದು ದಿನ ನನ್ನ ಚೀಲದಿಂದ ಹಾಳೆಯೊಂದು ಬಿತ್ತು.
ದರ್ಜಿ ಸೆತ್ಸೊಆಫಿಯಾ ಎತ್ತಿಕೊಂಡು
ರೇಡಿಯೋದವನ ದನಿಯಲ್ಲಿ ಓದಿದ: ಗಾರಿ, ಇಷ್ಟು.
ಅಕ್ಪೆನೆ ಎದ್ದೇ ನಿಂತಳು:
"ಕೇಳಿದಿರಾ? ಕಾಗದವೇ ಹೇಳ್ತಿದೆ. ಕಾಗದಕ್ಕೆ ಪಕ್ಷ ಉಂಟೇ?"
ಮಾವುಸಿ ಗಾರಿ ಕೆದಕುತ್ತಾ:
"ಆ ತಕ್ಕಡಿಗೆ ಉಪ್ಪುಗಾಳಿ ಹೊಡೆದಿದೆ. ಸ್ಪ್ರಿಂಗು ಸತ್ತಿದೆ."
ನಾನು ಹಾಳೆಯ ಮೂಲೆ ತೋರಿಸಿದೆ.
ಇದು ಹಳೆಯದಮ್ಮಾ. ಆನೆಯ ಕಾಲದ್ದು.

ಕಡಲು ಒಮ್ಮೆ ದಡ ಬಡಿದು ಹಿಂದೆ ಸರಿಯುವಷ್ಟು ಹೊತ್ತು
ಯಾರೂ ಮಾತಾಡಲಿಲ್ಲ.
ಆಮೇಲೆ ಮಾವುಸಿ: "ಹಾಗಿದ್ದರೆ ತಕ್ಕಡಿ ಸರಿಯಾಗಿಯೇ ಇದೆ ಬಿಡು."
ಅಕ್ಪೆನೆ: "ಆ ವರ್ಷ ಉಪ್ಪುಗಾಳಿ ಬಹಳ ಇತ್ತಲ್ಲವೇ?"

ವ್ಯಾನಿನಲ್ಲಿ ಮನೆಯವರೆಗೂ ಒಬ್ಬಳೇ ನಕ್ಕೆ.
ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟುವ ಜನ!
ರಾತ್ರಿ, ನಗು ಇನ್ನೂ ಬಾಯಲ್ಲಿರುವಾಗಲೇ,
ಹನ್ನೊಂದು ವರ್ಷದ ಪುಸ್ತಕಗಳನ್ನು ಹರವಿ ಕೂತೆ.
ಎಲ್ಲ ಅಂಕಿಯೂ ನಿಜ. ಒಂದನ್ನೂ ತಿದ್ದಿಲ್ಲ,
ಸತ್ತ ಅಪ್ಪನ ಆಣೆಗೂ.
ಆದರೆ ಕೆಲವು ಅಂಕಿಗಳ ಪಕ್ಕ
ಪೆನ್ಸಿಲಿನ ಸಣ್ಣ ಚುಕ್ಕೆ:
ಸಂಶಯ ಬಂದು ಎರಡನೇ ಸಲ ತೂಗಿದ್ದಕ್ಕೆ ಗುರುತು.

ನಾನು ಓಟು ಹಾಕದವರು ಆಳಿದ ವರ್ಷಗಳಲ್ಲಿ
ಬೆಲೆ ಏರಿದಾಗ ಚುಕ್ಕೆ ಇಲ್ಲ.
ಬರೆದಿದ್ದೇನೆ, ಪುಸ್ತಕ ಮುಚ್ಚಿದ್ದೇನೆ,
ಪ್ರಾಯಶಃ ಕಿತ್ತಳೆ ಸುಲಿದು ತಿಂದಿದ್ದೇನೆ.
ನನ್ನವರು ಆಳಿದ ವರ್ಷಗಳಲ್ಲಿ
ಬೆಲೆ ಏರಿದಾಗೆಲ್ಲ ಚುಕ್ಕೆ, ಚುಕ್ಕೆ, ಚುಕ್ಕೆ.
ತಟ್ಟೆ ಒರೆಸಿದ್ದೇನೆ. ಮರಳು ಊದಿದ್ದೇನೆ.
ಮುಳ್ಳನ್ನು ಸೊನ್ನೆಗೆ ತಂದು
ಮತ್ತೆ, ದೇವರೆದುರು ನಿಂತವಳ ಹಾಗೆ, ತೂಗಿದ್ದೇನೆ.
ಸುಳ್ಳು ಹೇಳಲಿಲ್ಲ ನಾನು.
ಅನುಮಾನವನ್ನಷ್ಟೇ
ರೇಷನ್ ಸಕ್ಕರೆಯಂತೆ, ಮನೆ ನೋಡಿ ಹಂಚಿದೆ.

ಮುಂದಿನ ಸಂತೆಯಲ್ಲಿ ಬೆಲೆ ಇಳಿದಿತ್ತು.
ಕೈ ಆಗಲೇ ಪುಸ್ತಕ ಮಡಚುತ್ತಿತ್ತು, ನಾನೇ ತಡೆದೆ.
"ಇನ್ನೊಮ್ಮೆ ತೂಗುತ್ತೇನೆ," ಅಂದೆ.
ಡಬ್ಬಿ ಹಿಡಿದ ಮಾವುಸಿ ಅಕ್ಪೆನೆಯ ಮುಖ ನೋಡಿದಳು,
ಅಕ್ಪೆನೆ ಮಾವುಸಿಯ ಮುಖ.
ವರ್ಷಗಳ ಮೇಲೆ ಇಬ್ಬರದೂ ಒಂದೇ ಮಾತು:
"ಯಾಕೆ? ನಿನಗೆ ದುಡ್ಡು ಕೊಟ್ಟವರು ಯಾರು?"