ಬೋಳು ಕೀಲಿ

ಕೋರ್ಟಿನ ಎದುರು ಗಲ್ಲಿಯಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನ ಟೈಪಿಂಗ್ ಅಂಗಡಿ.
ಲಗ್ನಪತ್ರಿಕೆ, ಅಫಿಡವಿಟ್, ತಿಥಿಯ ಕಾಗದ,
ಯಾವುದಕ್ಕಾದರೂ ಪುಟಕ್ಕೆ ಒಂದೇ ದರ.

ಮೊದಲನೆಯ ಕಂಪ್ಯೂಟರ್ ಸತ್ತಾಗ ನನಗೇನೂ ಗೊತ್ತಿರಲಿಲ್ಲ.
ಹಳೇ ಪೇಪರಿನ ಜೊತೆ ಖಲಂದರನ ತಕ್ಕಡಿಗಿಟ್ಟೆ,
ಮುನ್ನೂರು ರೂಪಾಯಿ ಬಂತು.
ತಿಂಗಳ ಮೇಲೆ, ತುಂಗೆಯ ಹಳೇ ಸೇತುವೆಯ ಕೆಳಗೆ,
ಅವನ ತಮ್ಮ ತಾಮ್ರಕ್ಕೆಂದು ತಂತಿ ಸುಡುತ್ತಿದ್ದ.
ಬೆಂಕಿ ಹಸಿರಾಗಿತ್ತು.
ಬದಿಗೆ ಬಿದ್ದ ತಗಡಿನ ಮೇಲೆ
ಆಯುಧಪೂಜೆಗೆ ನಾನೇ ಇಟ್ಟ ಕುಂಕುಮದ ಬೊಟ್ಟು.
ಹುಡುಗ ಕೆಮ್ಮಿದ. "ಹೊಗೆ ಅಭ್ಯಾಸ ಅಕ್ಕ" ಅಂದ.
ಮುಂದಿನ ಮಳೆಗಾಲಕ್ಕೂ ಅಲ್ಲಿ ಹುಲ್ಲು ಏಳಲಿಲ್ಲ.
ಎರಡು ಸಲ ಹೋಗಿ ನೋಡಿಬಂದೆ.

ಎರಡನೆಯದಕ್ಕೆ ಇನ್ನೂ ಉಸಿರಿತ್ತು,
ಆದರೆ ದಿನಾ ಬೆಳಗ್ಗೆ ಎದ್ದು
ಇವತ್ತು ಎರಡು ಸಾವಿರದ ಎರಡು, ಜನವರಿ ಒಂದು
ಎಂದು ಹಟ ಹಿಡಿಯುತ್ತಿತ್ತು.
ಹುಂಚದಕಟ್ಟೆ ಕಡೆಯ ಶಾಲೆಗೆ ಕೊಡುತ್ತೇನೆಂದು ಫೋನು ಮಾಡಿದರೆ
ಮಾಲತೇಶ ಮೇಷ್ಟ್ರು ಥ್ಯಾಂಕ್ಸ್ ಹೇಳಲಿಲ್ಲ.
"ಬೀರುವಿನ ಪಕ್ಕ ಐದು ಇವೆ ಮೇಡಂ.
ಐದರ ಮೇಲೂ ದಾನಿಗಳ ಹೆಸರಿದೆ, ಒಂದಕ್ಕೂ ಜೀವ ಇಲ್ಲ.
ನಡೆಯೋದಾದರೆ ಕೊಡಿ."

ಚುಚ್ಚಿತು. ಸರಿಯಾದ ಜಾಗಕ್ಕೇ ಚುಚ್ಚಿತು.
ನಲವತ್ತು ರೂಪಾಯಿಯ ಬಿಲ್ಲೆ ಸೆಲ್ ಹಾಕಿಸಿದೆ,
ರ‍್ಯಾಮಿನ ಹಲ್ಲುಗಳನ್ನು ಮಗಳ ರಬ್ಬರಿನಲ್ಲಿ ಉಜ್ಜಿದೆ,
ಫ್ಯಾನಿನಿಂದ ಎಳೆದ ಧೂಳು ಒಂದು ಗುಬ್ಬಿಗೂಡಿನಷ್ಟು.
ಗಡಿಯಾರ ಕೊನೆಗೂ ಇವತ್ತನ್ನು ಒಪ್ಪಿಕೊಂಡಿತು.

ಆಮೇಲೆ ಅಳಿಸುವ ಕೆಲಸ.
ಡಿಲೀಟ್ ಒತ್ತಿದರೆ ಹೋಗುವುದಿಲ್ಲವಂತೆ,
ಗೋಡೆಗೆ ಸುಣ್ಣ ಹೊಡೆದ ಹಾಗೆ, ಕೆರೆದರೆ ಕೆಳಗೆ ಹಳೇ ಬರಹ:
ಯಾರದೋ ಖಾತೆ ನಂಬರು, ಯಾರದೋ ವಿಚ್ಛೇದನ,
ಅಣ್ಣನ ಮೇಲೆ ಮೂರು ಸಲ ದೂರು ಬರೆಸಿ
ಮೂರು ಸಲವೂ "ಬೇಡ ಬಿಡಿ" ಎಂದು
ದುಡ್ಡು ಕೊಟ್ಟು ಇಳಿದುಹೋದವನ ಕಾಗದ.
ದಾನ ಕೊಡಲು ಅವೆಲ್ಲ ನನ್ನವಲ್ಲ.
ಸೊನ್ನೆಯ ಮೇಲೆ ಸೊನ್ನೆ ಬರೆಯಲು ಹಚ್ಚಿ
ರಾತ್ರಿಯಿಡೀ ಪಕ್ಕದಲ್ಲಿ ಕೂತೆ, ಆಸ್ಪತ್ರೆಯಲ್ಲಿ ಕೂತ ಹಾಗೆ.
ಬೆಳಗಿನ ಐದಕ್ಕೆ ಮುಗಿಯಿತು.
ಕಾಫಿ ಕುಡಿದೆ.

ಕೀಬೋರ್ಡಿನಲ್ಲಿ ಒಂದೇ ಒಂದು ಕೀಲಿ ಬೋಳು,
ಎಫ್ ಇದ್ದ ಜಾಗ.
ಕನ್ನಡ ಬಡಿಯುವವರಿಗೆ ಗೊತ್ತು, ಒತ್ತು ಕೊಡುವುದು ಅದೇ,
ಒಂದು ಅಕ್ಷರದ ಕಾಲಿಗೆ ಇನ್ನೊಂದನ್ನು ಕಟ್ಟುವುದು.
ಎಷ್ಟು ಊರಿನ ಎಷ್ಟು ಹೆಸರು ಅದರಡಿ ಹಾದುಹೋದವೋ,
ಗುರುತು ಸವೆದು
ನನ್ನ ಬೆರಳಿನ ಗುಳಿಯಷ್ಟೇ ಉಳಿದಿತ್ತು.

ಹದಿನೈದು ದಿನಕ್ಕೆ ಶಾಲೆಯಿಂದ ಫೋನು.
ಮೇಷ್ಟ್ರಲ್ಲ, ಒಂದು ಸಣ್ಣ ದನಿ:
"ಮೇಡಂ, ಇದರಲ್ಲಿ ನನ್ನ ಹೆಸರು ಜಯೋತಸನಾ ಅಂತ ಬರ್ತದೆ."
ಹಿಂದೆ ಇಡೀ ತರಗತಿ ಅದನ್ನೇ ಹಿಡಿದು ಕೂಗುತ್ತಿತ್ತು.
"ಬೋಳು ಕೀಲಿ ಇದೆಯಲ್ಲ ಮಗಾ, ನಡುನಡುವೆ ಅದನ್ನ ಒತ್ತು.
ನಿನ್ನ ಹೆಸರಿಗೆ ಮೂರು ಸಲ ಬೇಕು."
ಟಕ್.
ಟಕ್, ಟಕ್.
ಆ ಕಡೆ ಎಲ್ಲ ಸುಮ್ಮನಾದರು.
ಆಮೇಲೆ ಫೋನು ಇಡುವುದನ್ನೇ ಮರೆತರು.
ನಾನೂ ಇಡಲಿಲ್ಲ.

ಉಳಿದದ್ದು ದಪ್ಪ ಬೆನ್ನಿನ ಮಾನಿಟರು.
ಖಲಂದರನೇ ಬೇಡವೆಂದ.
"ಗಾಜಿನೊಳಗೆ ಸೀಸ ಅಕ್ಕ, ಒಡೆಯೋ ಹಾಗಿಲ್ಲ.
ತಮ್ಮನೂ ಈಗ ಆ ಕೆಲಸಕ್ಕಿಲ್ಲ."
ಯಾಕೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಮಾಚೇನಹಳ್ಳಿಯಲ್ಲಿ ಬಿಚ್ಚಲು ತಗೊಳ್ಳುವವರ ವಿಳಾಸವನ್ನು
ಬೀಡಿಕಟ್ಟಿನ ಹಿಂದೆ ಬರೆದುಕೊಟ್ಟ.

"ಟೀವಿನಾ?" ಎಂದ ಆಟೋದವನು.
ಇನ್ನೂರೈವತ್ತು ಕೊಟ್ಟೆ.
ಆ ಮುನ್ನೂರಕ್ಕೆ ಇನ್ನೂ ಐವತ್ತು ಬಾಕಿ
ಎಂದು ಮನಸ್ಸು ಲೆಕ್ಕ ಹಾಕಿತು.

ಅಲ್ಲಿಯ ಹುಡುಗ ತೂಕ ಮಾಡಿ ರಸೀದಿ ಪುಸ್ತಕ ತೆಗೆದ.
"ಕೈಯಲ್ಲೇ ಬರೀತೀನಿ ಮೇಡಂ,
ನಮ್ಮ ಕಂಪ್ಯೂಟರ್ ಕೆಟ್ಟಿದೆ."
ಹದಿನಾಲ್ಕು ಕೆ.ಜಿ. ಹೆಸರು?
ಮುಕ್ತಾಬಾಯಿ.
ಮು ಬರೆದ, ಕ ಬರೆದ,
ಪೆನ್ನು ಎತ್ತದೆ
ಕೆಳಗೆ ತಕಾರದ ಒತ್ತು ಎಳೆದ.