ಖಾಲಿ ಹೊಟ್ಟೆಯ ಅರ್ಧ ಗಂಟೆ

ಮಾಗಡಿ ರಸ್ತೆಯ ಲ್ಯಾಬಿನಲ್ಲಿ ರಕ್ತ ಎಳೆದ ಹುಡುಗ
ಹೆಸರನ್ನು ತಪ್ಪಾಗಿ ಬರೆದುಕೊಂಡ, ವಯಸ್ಸನ್ನು ಸರಿಯಾಗಿ:
ಪಂಕಜಾಶಿ, ನಲವತ್ನಾಲ್ಕು, ಹೆಣ್ಣು.
ಖಾಲಿ ಹೊಟ್ಟೇನಾ ಆಂಟಿ?
ಖಾಲಿಯೇ ಕಣಪ್ಪ, ಹೊಟ್ಟೆಯೊಂದೇ ಅಲ್ಲ
ಅಂತ ಅವನಿಗೆ ಹೇಳಲಾಗುತ್ತದೆಯೇ.

ಹೊನ್ನಪ್ಪನಿಗೂ ಹೇಳಿರಲಿಲ್ಲ.
ಪೀಣ್ಯ ಎರಡನೇ ಹಂತ, ಲೇತ್ ಮಷಿನ್ನು, ರಾತ್ರಿ ಪಾಳಿ.
ಬೆಳಗ್ಗೆ ಆರೂವರೆಗೆ ಬಂದರೆ ಮೈಯೆಲ್ಲ ಎಣ್ಣೆ ವಾಸನೆ,
ಕಣ್ಣೊಳಗಿನ ಟ್ಯೂಬ್‌ಲೈಟು ಇನ್ನೂ ಆರಿರುವುದಿಲ್ಲ.
ಅವನು ಒರಗುವ ಹೊತ್ತು ನಾನು ಅಂಗಡಿಯ ಶಟರ್ ಎತ್ತುವ ಹೊತ್ತು.
ಒಂದೇ ಹಾಸಿಗೆ, ಎರಡು ಪಾಳಿ:
ಅವನು ಬಿಟ್ಟ ತಗ್ಗಿನಲ್ಲಿ ನಾನು,
ನಾನು ಬಿಟ್ಟ ಬಿಸಿಯಲ್ಲಿ ಅವನು.

ಭಾನುವಾರ ಅಂತ ಒಂದಿತ್ತು.
ಕತ್ತಲಲ್ಲಿ ಅವನ ಕೈ ನನ್ನ ಸೊಂಟದವರೆಗೆ ಬಂದು
ಬಾಗಿಲು ಬಡಿಯಲೋ ಬೇಡವೋ ಎನ್ನುವ ನೆಂಟನ ಹಾಗೆ ನಿಲ್ಲುತ್ತಿತ್ತು.
ನಾನು ಹೊದಿಕೆಯ ಸಮೇತ ಆಚೆ ಹೊರಳುತ್ತಿದ್ದೆ.
ಸಿಟ್ಟಿಲ್ಲ, ಮುನಿಸಿಲ್ಲ. ಏನೂ ಇಲ್ಲ.
ಹೆದರಿಸಿದ್ದು ಅದೇ, ಆ ಏನೂ ಇಲ್ಲ.
ಬಾಬಿನ್ನಿನ ನೂಲು ಮುಗಿದದ್ದು ತಿಳಿಯದೆ
ಮಾರುದ್ದ ಹೊಲಿದು, ಬಟ್ಟೆ ತಿರುವಿ ನೋಡಿದರೆ
ಬರೀ ಸೂಜಿಯ ತೂತು. ಹಾಗೆ.

ಕೂದಲು ಉದುರಿತು, ಹಿಮ್ಮಡಿ ಒಡೆಯಿತು,
ರವಿಕೆ ಹೊಲಿಯುವವಳ ರವಿಕೆಯೇ ಬಿಗಿಯಾಯಿತು.
ವಯಸ್ಸಾಯ್ತಲ್ಲ, ಮಗಳು ಕಾಲೇಜಿಗೆ ಬಂದ ಮೇಲೆ
ಇನ್ನೂ ಅದೆಲ್ಲ ಯಾಕೆ, ಅಂದಳು ನಾದಿನಿ,
ಅದೆಲ್ಲ ಅನ್ನುವುದನ್ನು ಕಸದ ಹಾಗೆ ಗುಡಿಸಿ.

ಡಾಕ್ಟರ್ ನಸ್ರೀನ್ ದನಿ ತಗ್ಗಿಸದೆ ಕೇಳಿದರು:
ಆಸೆ ಹೇಗಿದೆ?
ಯಾವ ಆಸೆ, ಮೇಡಂ?
ಆಸೆ ಅಂದರೆ ಎರಡೆಳೆ ಸರ, ಕೆಂಗೇರಿ ಕಡೆ ಒಂದು ಸೈಟು.
ಅವರು ನಗಲಿಲ್ಲ. ಕಾಗದ ನನ್ನ ಕಡೆ ತಿರುಗಿಸಿದರು.
ಹನ್ನೊಂದು ಪಾಯಿಂಟ್ ನಾಲ್ಕು.
ಗಂಟಲ ಬುಡದಲ್ಲಿ ಒಂದು ಗ್ರಂಥಿ ಸೋತಿದೆ,
ನಿಮ್ಮ ಮೋಟಾರಿನ ಬೆಲ್ಟು ಸಡಿಲಾದ ಹಾಗೆ.
ನೀವು ಸೋತಿಲ್ಲ.
ಗಂಡನನ್ನೂ ಕರೆತನ್ನಿ;
ರಾತ್ರಿಯೆಲ್ಲ ಎದ್ದಿರುವ ಮೈ ತನ್ನ ಲೆಕ್ಕ ತಾನೇ ಮರೆಯುತ್ತದೆ.

ಮಾತ್ರೆ ರವಿಕೆಯ ಹುಕ್ಕಿಗಿಂತ ಚಿಕ್ಕದು.
ನುಂಗಿದ ಮೇಲೆ ಅರ್ಧ ಗಂಟೆ ಏನೂ ಕೂಡದು.
ಕಾಫಿ ಕೂಡ ಕೂಡದು!
ಮೊದಲ ವಾರ ಹಾಲಿನ ಪ್ಯಾಕೆಟ್ಟನ್ನೇ ನೋಡುತ್ತ ಕೂತೆ,
ಮೇಲುಗಡೆ ಮೆಟ್ರೋ ಹೋದದ್ದನ್ನು ಎಣಿಸಿದೆ.
ಆಮೇಲೆ, ಅವನು ಬಂದ ಮೇಲೆಯೇ ನುಂಗತೊಡಗಿದೆ.
ನೀನು ಕುಡಿಯುವವರೆಗೆ ನಾನೂ ಕುಡಿಯಲ್ಲ, ಅಂದ.
ಸುಮ್ಮನೆ ಕೂರುವುದು ಇಬ್ಬರಿಗೂ ಬಾರದು.
ಅವನ ಹೆಬ್ಬೆರಳಲ್ಲಿ ನಾಟಿದ್ದ ಕಬ್ಬಿಣದ ಸಿಬಿರನ್ನು
ಹತ್ತನೇ ನಂಬರ್ ಸೂಜಿಯಿಂದ ಎಬ್ಬಿಸಿದೆ.
ಆಗ ಬಾಯಿಬಿಟ್ಟ:
ತುಮಕೂರು ರಸ್ತೆಯ ಡೇರೆಯವನಿಂದ ಒಂಬೈನೂರು ಕೊಟ್ಟು
ಲೇಹ್ಯ ತಂದು ಅಕ್ಕಿ ಡ್ರಮ್ಮಿನಲ್ಲಿ ಬಚ್ಚಿಟ್ಟಿದ್ದನಂತೆ.
ಕೆಟ್ಟಿರುವುದು ತಾನೇ ಅಂದುಕೊಂಡಿದ್ದನಂತೆ.
ನಾನು ನಕ್ಕೆ. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡೆ.
ಇಪ್ಪತ್ತು ವರ್ಷದ ಮೇಲೆ
ಇವನ ಹುಬ್ಬಿನಲ್ಲಿ ಒಂದು ಬಿಳಿ ಕೂದಲು ಕಂಡೆ.

ಪಾಳಿ ಭತ್ಯೆ ಹೋದರೆ ಹೋಗಲಿ ಅಂತ
ವಾರ ಬಿಟ್ಟು ವಾರ ಹಗಲಿನ ಕೆಲಸ ಕೇಳಿಕೊಂಡ.
ಸಂಜೆ ಸುಮ್ಮನೆ ನಡೆಯುತ್ತೇವೆ, ಸುಂಕದಕಟ್ಟೆಯವರೆಗೆ,
ಬೋಂಡದ ಗಾಡಿಯ ಮುಂದೆ ಮುಖ ತಿರುಗಿಸಿಕೊಂಡು,
ಕೆಲವು ದಿನ ತಿರುಗಿಸದೆ.

ಪವಾಡವಲ್ಲ. ಈಗಲೂ ಎಷ್ಟೋ ದಿನ ಏನೂ ಇಲ್ಲ,
ಅರ್ಧ ಗಂಟೆ ಕರೆಂಟ್ ಬಿಲ್ಲಿನ ಮಾತಲ್ಲೇ ಮುಗಿಯುತ್ತದೆ.
ಆದರೆ ಮೂರನೇ ತಿಂಗಳ ಒಂದು ಬುಧವಾರ,
ಮಗಳು ಎನ್‌ಸಿಸಿ ಪೆರೇಡಿಗೆ ಹೋಗಿದ್ದಳು,
ಅವನ ಕುತ್ತಿಗೆಯ ಎಣ್ಣೆ ವಾಸನೆ ಇದ್ದಕ್ಕಿದ್ದಂತೆ
ಬೇಕೆನಿಸಿತು. ನನಗೇ. ನಾನಾಗಿ.
ನನ್ನ ಕೈಯೇ ಮೊದಲು ಹೋಯಿತು, ಬಾಗಿಲನ್ನೂ ಬಡಿಯದೆ.

ಹಾಲು ಒಲೆಯ ಪಕ್ಕದಲ್ಲಿ ತಣ್ಣಗೇ ಇತ್ತು.
ಅರ್ಧ ಗಂಟೆ ಎಂಬುದು ಒಂದು ಗಂಟೆಯಾಯಿತು.
ಶಟರ್ ಮುಂದೆ ಕಾದಿದ್ದಳು ಮದುವೆ ರವಿಕೆಯ ಗಿರಾಕಿ,
ಯಾಕಕ್ಕಾ ಇಷ್ಟು ಲೇಟು?
ಕರೆಂಟಿರಲಿಲ್ಲಮ್ಮ, ಅಂದೆ,
ಟೇಪನ್ನು ಕೊರಳಿಗೆ ಹಾಕಿಕೊಂಡು.
ಬೆರಳು ಇನ್ನೂ ಬೆಚ್ಚಗಿತ್ತು.